ಬಿಪಿ ನಾರ್ಮಲ್ ಇದೆ ಅಂತ ಸುಮ್ಮನಾಗಬೇಡಿ: ಅಪಘಾತ, ರಕ್ತಸ್ರಾವ, ಶಾಕ್ ಬಗ್ಗೆ ಚರ್ಚೆ

ಕ್ಯಾಶುವಾಲ್ಟಿ_ಸಿಸ್ಟರ್

ನಾನು ಹೆದ್ದಾರಿ ಪಕ್ಕದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಇಲ್ಲಿ ನರ್ಸಿಂಗ್ ಓದುವವರಿದ್ದೀರಿ, ಆಂಬುಲೆನ್ಸ್‌ನಲ್ಲಿ ಕೆಲಸ ಮಾಡುವವರಿದ್ದೀರಿ, ಸುಮ್ನೆ ಓದಿ ಹೋಗುವವರೂ ಇದ್ದೀರಿ. ಎಲ್ಲರಿಗೂ ಬೇಕಾದ ವಿಷಯ ಅಂತ ಬರೆಯುತ್ತಿದ್ದೇನೆ.

ಅಪಘಾತ ಆದವರನ್ನು ಕರೆತಂದಾಗ ಜೊತೆಗೆ ಬಂದವರು ಮೊದಲು ಕೇಳುವುದು "ಬಿಪಿ ಎಷ್ಟಿದೆ ಸಿಸ್ಟರ್?" ಅಂತ. 110 ಅಂದರೆ ಸಾಕು, ಎಲ್ಲರೂ ಉಸಿರು ಬಿಡುತ್ತಾರೆ. ಹೊರಗೆ ಹೋಗಿ ಮನೆಗೆ ಫೋನ್ ಮಾಡಿ "ಏನೂ ಭಯ ಇಲ್ಲ" ಅಂದುಬಿಡುತ್ತಾರೆ.

ಇತ್ತೀಚೆಗೆ ಬಂದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ, ಗುರುತು ಬಿಟ್ಟು. ಬೈಕ್ ಸ್ಕಿಡ್ ಆಗಿ ಹ್ಯಾಂಡಲ್ ಎಡ ಪಕ್ಕೆಗೆ ಬಡಿದಿತ್ತು. ಮೈಮೇಲೆ ತರಚು ಗಾಯ ಬಿಟ್ಟರೆ ಏನಿಲ್ಲ. ಸ್ಟ್ರೆಚರ್ ಮೇಲೆ ಕೂತು ಮಾತಾಡುತ್ತಿದ್ದ. ಬಿಪಿ 110/90, ನಾಡಿ 118. ಅಂಗೈ ಮುಟ್ಟಿದರೆ ತಣ್ಣಗೆ, ಅಂಟಂಟು. ಮೇಲ್ತುಟಿಯ ಮೇಲೆ ಸಣ್ಣ ಬೆವರ ಹನಿ. "ನೀರು ಕೊಡಿ" ಅಂತ ಪದೇ ಪದೇ ಕೇಳುತ್ತಿದ್ದ, ಆಕ್ಸಿಜನ್ ಮಾಸ್ಕ್ ಕಿತ್ತು ಹಾಕುತ್ತಿದ್ದ. ಅವನ ಮಾವ "ಹೆದರಿದ್ದಾನೆ ಅಷ್ಟೆ, ಬಿಡಿ" ಅಂದರು. ಹೆದರಿದವರಿಗೂ ನಾಡಿ ಜೋರಾಗುತ್ತೆ, ನಿಜ. ಆದರೆ ಸ್ವಲ್ಪ ಹೊತ್ತು ಮಾತಾಡಿಸಿದರೆ ಅದು ಇಳಿಯುತ್ತೆ. ಇವನದು ಏರುತ್ತಲೇ ಇತ್ತು. ಸ್ಕ್ಯಾನ್ ಮಾಡಿದಾಗ ಹೊಟ್ಟೆಯಲ್ಲಿ ರಕ್ತ. ಗುಲ್ಮ (ಸ್ಪ್ಲೀನ್, ಎಡ ಪಕ್ಕೆಲುಬಿನ ಕೆಳಗಿನ ಅಂಗ) ಹರಿದಿತ್ತು. ಜಿಲ್ಲಾ ಕೇಂದ್ರಕ್ಕೆ ಕಳಿಸಿದೆವು, ಆಪರೇಷನ್ ಆಗಿ ಉಳಿದುಕೊಂಡ.

ಶಾಕ್ ಅಂದರೆ ಬಿಪಿ ಬಿದ್ದಿರಲೇಬೇಕು ಅಂತಿಲ್ಲ. ಅಂಗಾಂಗಗಳಿಗೆ ಸಾಕಷ್ಟು ರಕ್ತ, ಆಕ್ಸಿಜನ್ ತಲುಪದಿದ್ದರೆ ಅದೇ ಶಾಕ್. ಬಿಪಿ ಬೀಳುವುದು ದೇಹ ಸೋತ ಮೇಲೆ. ಅದಕ್ಕೂ ಮೊದಲೇ ಚರ್ಮ, ನಾಡಿ, ನಡವಳಿಕೆ ಎಲ್ಲ ಹೇಳಿರುತ್ತವೆ. ನಾವು ಕೇಳಿಸಿಕೊಂಡಿರಲ್ಲ.

ಜಿಎನ್‌ಎಂ_ಎರಡನೇ_ವರ್ಷ

ಅಕ್ಕ, 110/90ರಲ್ಲಿ ತೊಂದರೆ ಏನಂತ ನನಗೆ ಗೊತ್ತಾಗಲಿಲ್ಲ. ಮೇಲಿನದೂ ಸರಿ ಇದೆ, ಕೆಳಗಿನದು ಸ್ವಲ್ಪ ಜಾಸ್ತಿ ಅಷ್ಟೇ ಅಲ್ವಾ?

ತುರ್ತು_ಡಾಕ್ಟರ್

ಒಳ್ಳೆ ಪ್ರಶ್ನೆ. ಎರಡರ ನಡುವಿನ ಅಂತರ ನೋಡಿ. ಬರೀ 20. ಮಾಮೂಲಿಯಾಗಿ ಸುಮಾರು 40 ಇರುತ್ತೆ. ರಕ್ತ ಕಡಿಮೆ ಆದಾಗ ದೇಹ ಕೈಕಾಲಿನ ರಕ್ತನಾಳಗಳನ್ನು ಬಿಗಿ ಮಾಡುತ್ತೆ, ಇದ್ದಬದ್ದ ರಕ್ತವನ್ನು ಹೃದಯ ಮತ್ತು ಮೆದುಳಿಗೆ ಕಳಿಸುತ್ತೆ. ನಾಳ ಬಿಗಿಯಾದರೆ ಕೆಳಗಿನ ಸಂಖ್ಯೆ ಏರುತ್ತೆ. ಅದೇ ಕಾರಣಕ್ಕೆ ಅಂಗೈ ತಣ್ಣಗಾಗುವುದು.

70 ಕೆಜಿ ತೂಕದ ಗಂಡಸಿನ ಮೈಯಲ್ಲಿ ಸುಮಾರು 5 ಲೀಟರ್ ರಕ್ತ. 750 ಎಂಎಲ್ ಹೋದರೂ ಹೊರಗೆ ಏನೂ ಕಾಣದೆ ಇರಬಹುದು. 750ರಿಂದ 1500ರವರೆಗೆ ಹೋದಾಗ ನಾಡಿ 100 ದಾಟುತ್ತೆ, ಅಂತರ ಕಿರಿದಾಗುತ್ತೆ, ಮನುಷ್ಯ ಚಡಪಡಿಸುತ್ತಾನೆ. ಮೇಲಿನ ಬಿಪಿ ಮಾತ್ರ ಇನ್ನೂ ಸರಿಯಾಗಿಯೇ ಇರುತ್ತೆ. ಸಾಮಾನ್ಯವಾಗಿ ಒಂದೂವರೆ ಲೀಟರ್ ದಾಟಿದ ಮೇಲೆ ಬೀಳುವುದು. ಎರಡು ಲೀಟರ್ ಹೋದರೆ ಮಂಪರು, ನಾಡಿ ಎಳೆ ಎಳೆ, ಮೂತ್ರ ಇಲ್ಲವೇ ಇಲ್ಲ. ಪುಸ್ತಕದ ಲೆಕ್ಕ ಇದು, ಎಲ್ಲರ ದೇಹವೂ ಹೀಗೇ ನಡೆಯಲ್ಲ.

ಸುಲಭದ ಲೆಕ್ಕ ಬೇಕಾದರೆ ನಾಡಿಯನ್ನು ಮೇಲಿನ ಬಿಪಿಯಿಂದ ಭಾಗಿಸಿ. ಆರೋಗ್ಯವಂತರಿಗೆ 0.5ರಿಂದ 0.7. 0.9 ದಾಟಿದರೆ ಎಚ್ಚರ. ಸಿಸ್ಟರ್ ಹೇಳಿದ ಹುಡುಗನಿಗೆ 118/110, ಅಂದರೆ 1ಕ್ಕಿಂತ ಜಾಸ್ತಿ. ನಾಡಿಯ ಸಂಖ್ಯೆ ಬಿಪಿಯ ಸಂಖ್ಯೆಯನ್ನು ದಾಟಿದರೆ ಕ್ಯಾಲ್ಕುಲೇಟರ್ ಏಕೆ ಬೇಕು?

ಜಿಎನ್‌ಎಂ_ಎರಡನೇ_ವರ್ಷ

ಸ್ಕ್ಯಾನ್ ಇಲ್ಲದ ಕಡೆ ರಕ್ತ ಎಲ್ಲಿ ಹೋಗುತ್ತಿದೆ ಅಂತ ಹೇಗೆ ಹುಡುಕುವುದು ಸರ್?

ತುರ್ತು_ಡಾಕ್ಟರ್

ಐದು ಜಾಗ. ನೆಲ ಮತ್ತು ಬಟ್ಟೆ ಒಂದು. ಆಮೇಲೆ ಎದೆ, ಹೊಟ್ಟೆ, ಸೊಂಟದ ಮೂಳೆ, ತೊಡೆ. ತೊಡೆ ಮೂಳೆ ಒಂದು ಮುರಿದರೆ ಒಳಗೇ ಒಂದರಿಂದ ಒಂದೂವರೆ ಲೀಟರ್ ನಿಲ್ಲಬಹುದು, ಚರ್ಮ ಹರಿಯದಿದ್ದರೂ. ಸೊಂಟದ ಮೂಳೆ ಬಿರಿದರೆ ಇನ್ನೂ ಜಾಸ್ತಿ. ಸೊಂಟಕ್ಕೆ ಬೆಡ್‌ಶೀಟ್ ಸುತ್ತಿ ಬಿಗಿಯಾಗಿ ಕಟ್ಟಿ. ಹೊಕ್ಕಳ ಮಟ್ಟದಲ್ಲಿ ಅಲ್ಲ, ಅದಕ್ಕಿಂತ ಕೆಳಗೆ, ತೊಡೆ ಶುರುವಾಗುವ ಕಡೆ ಪಕ್ಕದಲ್ಲಿ ಗಂಟಿನ ಹಾಗೆ ಕೈಗೆ ಸಿಗುತ್ತಲ್ಲ ಮೂಳೆ, ಅದರ ಮೇಲೆ. ಬಹಳ ಜನ ಮೇಲಕ್ಕೆ ಕಟ್ಟಿಬಿಡುತ್ತಾರೆ. ಮುರಿದಿದೆಯಾ ಅಂತ ಸೊಂಟ ಹಿಡಿದು ಅಲ್ಲಾಡಿಸಿ ನೋಡುವ ಹಳೇ ಅಭ್ಯಾಸ ಬೇಡವೇ ಬೇಡ. ಕಟ್ಟಿಕೊಂಡಿದ್ದ ಹೆಪ್ಪು ಒಡೆದು ಹೋಗುತ್ತೆ.

ಬಟ್ಟೆ ಕತ್ತರಿಸಿ ನೋಡಿ. ಬೆನ್ನಿನ ಕಡೆಗೂ ಕೈ ಹಾಕಿ ನೋಡಿ. ಚಳಿಗಾಲದಲ್ಲಿ ಜರ್ಕಿನ್ ಒಳಗೆ ಅರ್ಧ ಲೀಟರ್ ಇಂಗಿರುತ್ತೆ, ಹೊರಗೆ ಒಂದು ಹನಿ ಕಾಣಲ್ಲ.

ಶಿರಾಡಿ_ರೂಟ್_ಡ್ರೈವರ್

ಡಾಕ್ಟ್ರೇ, ಸಿಸ್ಟರೇ, ನಾನು ಬಸ್ ಓಡಿಸುವವನು. ಘಾಟಿಯಲ್ಲಿ ಆಕ್ಸಿಡೆಂಟ್ ಆದರೆ ಮೊದಲು ಅಲ್ಲಿಗೆ ಹೋಗುವವರು ನಾವೇ, ಲಾರಿಯವರು, ಬಸ್ಸಿನವರು. ಅಲ್ಲಿ ಆಗುವುದು ಏನು ಅಂದರೆ, ಒಬ್ಬ ತಲೆ ಎತ್ತಿ ಬಾಟಲಿ ನೀರು ಬಾಯಿಗೆ ಸುರಿಯುತ್ತಾನೆ. ಇನ್ನೊಬ್ಬ ಕಾಫಿ ಪುಡಿ, ಅರಿಶಿನ ಹುಡುಕುತ್ತಾನೆ. ನಾಲ್ಕು ಜನ ವಿಡಿಯೋ. ಆಮೇಲೆ ಕೈಕಾಲು ಹಿಡಿದು ಎತ್ತಿ ಆಟೋದಲ್ಲಿ ತುಂಬುತ್ತಾರೆ. ನಿಮ್ಮ ಲೆಕ್ಕವೆಲ್ಲ ಆಸ್ಪತ್ರೆಯಲ್ಲಿ ಸರಿ. ರಸ್ತೆಯಲ್ಲಿ ಮಿಷಿನ್ ಇಲ್ಲ, ಏನಿಲ್ಲ. ನಮ್ಮಂಥವರು ಏನು ಮಾಡಬೇಕು ಅದು ಹೇಳಿ.

ಕ್ಯಾಶುವಾಲ್ಟಿ_ಸಿಸ್ಟರ್

ಅಣ್ಣ, ನಿಮಗೆ ಮಿಷಿನ್ ಬೇಡ, ಕೈ ಸಾಕು. ಅಂಗೈ ಮುಟ್ಟಿ. ತಣ್ಣಗೆ ಒದ್ದೆಯಾಗಿದ್ದರೆ ಕೆಟ್ಟ ಲಕ್ಷಣ. ಬೆರಳಿನ ಉಗುರನ್ನು 5 ಸೆಕೆಂಡ್ ಒತ್ತಿ ಬಿಡಿ. ಬಿಳಿಚಿದ್ದು 2 ಸೆಕೆಂಡ್ ಒಳಗೆ ಮತ್ತೆ ಕೆಂಪಾಗಬೇಕು. ಘಾಟಿಯ ಚಳಿಯಲ್ಲಿ ಇದನ್ನೊಂದೇ ನಂಬಬೇಡಿ, ಚಳಿಗೂ ನಿಧಾನ ಆಗುತ್ತೆ. ಮಣಿಕಟ್ಟಿನಲ್ಲಿ ನಾಡಿ ಸಿಗದೆ ಕುತ್ತಿಗೆಯಲ್ಲಿ ಮಾತ್ರ ಸಿಕ್ಕರೆ ತುಂಬಾ ರಕ್ತ ಹೋಗಿದೆ ಅಂತ ತಿಳಿಯಿರಿ. ಹೆಸರು, ಊರು ಕೇಳಿ. ಐದು ನಿಮಿಷದ ಹಿಂದೆ ಸರಿಯಾಗಿ ಹೇಳಿದವನು ಈಗ ತಡವರಿಸಿದರೆ ಅದನ್ನು ಆಂಬುಲೆನ್ಸ್‌ನವರಿಗೆ ಹೇಳಲೇಬೇಕು. ಆ ಒಂದು ಮಾತು ನಮಗೆ ಬಹಳ ಉಪಯೋಗಕ್ಕೆ ಬರುತ್ತೆ.

ನೀರು ಬೇಡ. ಎಷ್ಟೇ ಕೇಳಿದರೂ ಬೇಡ. ಮಂಪರಿನಲ್ಲಿದ್ದರೆ ನೀರು ಶ್ವಾಸಕೋಶಕ್ಕೆ ಹೋಗುತ್ತೆ. ಆಪರೇಷನ್‌ಗೆ ಅರಿವಳಿಕೆ ಕೊಡುವಾಗಲೂ ತುಂಬಿದ ಹೊಟ್ಟೆ ಅಪಾಯ. ಬೇಕಿದ್ದರೆ ಒದ್ದೆ ಕರ್ಚೀಫಿನಿಂದ ತುಟಿ ಒರೆಸಿ. ಅಷ್ಟೊಂದು ಬಾಯಾರಿಕೆ ಆಗುವುದೇ ರಕ್ತ ಹೋಗಿರುವ ಲಕ್ಷಣ.

ಕಾಫಿ ಪುಡಿ ಬಗ್ಗೆ ಏನು ಹೇಳಲಿ. ಆಮೇಲೆ ಅದನ್ನು ಗಾಯದಿಂದ ತೊಳೆದು ತೆಗೆಯುವ ಕೆಲಸ ನಮ್ಮದೇ!

ಇಎಂಟಿ_ಉತ್ತರ_ಕರ್ನಾಟಕ

ನಾ 108 ಆಂಬುಲೆನ್ಸ್‌ನ್ಯಾಗ ಇಎಂಟಿ, ಅಂದ್ರ ತುರ್ತು ಚಿಕಿತ್ಸೆ ಕೊಡೋ ತಂತ್ರಜ್ಞ. ಡ್ರೈವರ್ ಅಣ್ಣಾವ್ರ ಪ್ರಶ್ನೆಗೆ ನನ್ನ ಕಡೆಯಿಂದ ಎರಡು ಮಾತು.

ರಕ್ತ ಚಿಮ್ಮುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಟವೆಲ್, ವೇಲ್, ಲುಂಗಿ, ಏನು ಸಿಗುತ್ತೋ ಅದನ್ನು ಗಾಯದ ಮೇಲೆ ಇಟ್ಟು ಅಂಗೈ ಊರಿ ಮೈಭಾರ ಹಾಕಿ ಒತ್ತಿ. ಒತ್ತುವುದು ಅಂದರೆ ನಿಜವಾಗಿ ಒತ್ತುವುದು. ಜನ ಏನು ಮಾಡುತ್ತಾರೆ, ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ "ನಿಂತಿತಾ" ಅಂತ ಇಣುಕುತ್ತಾರೆ. ಎತ್ತಬೇಡಿ. ಬಟ್ಟೆ ನೆನೆದರೆ ಒತ್ತಡ ಸರಿಯಾಗಿ ಗಾಯದ ಮೇಲೇ ಬೀಳುತ್ತಿದೆಯಾ ನೋಡಿ, ಮೇಲೆ ಇನ್ನೊಂದು ಬಟ್ಟೆ ಹಾಕಿ ಇನ್ನೂ ಜೋರಾಗಿ ಒತ್ತಿ. ಆಳದ ಗಾಯ ತೊಡೆಸಂದಿಯಲ್ಲೋ ಕಂಕುಳಲ್ಲೋ ಇದ್ದರೆ ಬಟ್ಟೆಯನ್ನು ಗಾಯದ ಒಳಗೆ ಬೆರಳಿನಿಂದ ತುರುಕಿ ತುಂಬಿ, ಆಮೇಲೆ ಒತ್ತಿ. ಎದೆ, ಹೊಟ್ಟೆಯ ಗಾಯಕ್ಕೆ ಹಾಗೆ ತುರುಕಬಾರದು.

ಕೈ ಅಥವಾ ಕಾಲು ತುಂಡಾಗಿದ್ದರೆ, ಇಲ್ಲವೇ ಒತ್ತಿದರೂ ನಿಲ್ಲದಿದ್ದರೆ, ಗಾಯಕ್ಕಿಂತ ಮೂರ್ನಾಲ್ಕು ಬೆರಳು ಮೇಲೆ ಅಗಲವಾದ ಬಟ್ಟೆ ಸುತ್ತಿ ಗಂಟು ಹಾಕಿ. ಗಂಟಿನ ಮೇಲೆ ಗಟ್ಟಿ ಕೋಲು ಅಥವಾ ಸ್ಪ್ಯಾನರ್ ಇಟ್ಟು ಮತ್ತೆ ಗಂಟು ಹಾಕಿ ತಿರುವಿ. ರಕ್ತ ನಿಲ್ಲುವವರೆಗೆ ತಿರುವಿ. ಮೊಣಕಾಲು, ಮೊಣಕೈ ಕೀಲಿನ ಮೇಲೆ ಕಟ್ಟಬೇಡಿ. ಹಗ್ಗ, ವೈರ್ ಬೇಡ, ಅವು ಮಾಂಸ ಕೊರೆಯುತ್ತವೆ. ಕಟ್ಟಿದ ಟೈಮನ್ನು ಪೆನ್ನಿನಿಂದ ಹಣೆ ಮೇಲಾದರೂ ಬರೆಯಿರಿ.

ಮಾಜಿ_ಸ್ಕೌಟ್

ಕಟ್ಟಿದರೆ ಕೈಯೇ ಕೊಳೆತು ಹೋಗುತ್ತೆ ಅಂತ ನಮಗೆ ಕಲಿಸಿದ್ದರು. ಹತ್ತು ನಿಮಿಷಕ್ಕೊಮ್ಮೆ ಸಡಿಲ ಬಿಡಬೇಕು ಅಂತಲೂ. ಈಗ ಎಲ್ಲ ಉಲ್ಟಾ ಹೇಳುತ್ತಿದ್ದೀರಿ.

ಇಎಂಟಿ_ಉತ್ತರ_ಕರ್ನಾಟಕ

ಸಡಿಲ ಬಿಡುವುದು ಬಿಟ್ಟೇ ಬಿಡಿ ಸರ್. ಬಿಟ್ಟಾಗಲೆಲ್ಲ ಮತ್ತೆ ರಕ್ತ ಹೋಗುತ್ತೆ. ಎರಡು ಗಂಟೆ ಒಳಗೆ ತೆಗೆದರೆ ಕೈಕಾಲಿಗೆ ಹಾನಿ ಆಗುವುದು ಅಪರೂಪ. ಇರಾಕ್, ಅಫ್ಘಾನಿಸ್ತಾನ ಯುದ್ಧಗಳಲ್ಲಿ ಇದನ್ನು ಚೆನ್ನಾಗಿ ನೋಡಿದ್ದಾರೆ. ಅದಾದ ಮೇಲೆ ಪಾಠವೇ ಬದಲಾಯಿತು. ನಮ್ಮ ಕಡೆ ಎರಡು ಗಂಟೆಯಲ್ಲಿ ಆಸ್ಪತ್ರೆ ಸಿಗದ ಜಾಗ ಕಡಿಮೆ. ಸಡಿಲವಾಗಿ ಕಟ್ಟುವುದೂ ತಪ್ಪೇ. ವಾಪಸ್ ಬರುವ ರಕ್ತ ಮಾತ್ರ ನಿಂತು, ಹೋಗುವುದು ಹೋಗುತ್ತಲೇ ಇರುತ್ತೆ. ಆಗ ಗಾಯ ಇನ್ನೂ ಜಾಸ್ತಿ ಸುರಿಯುತ್ತೆ.

ಹಾವು ಕಚ್ಚಿದರೆ ಮಾತ್ರ ಕಟ್ಟಲೇಬೇಡಿ. ಇದನ್ನು ಓದಿ ಅಲ್ಲಿಗೂ ಕಟ್ಟಿಬಿಟ್ಟೀರಿ, ಅದಕ್ಕೇ ಹೇಳಿದೆ.

ತುಮಕೂರು_ಪ್ಯಾಸೆಂಜರ್

ಎಲ್ಲ ಸರಿ ಗುರೂ. ಆಸ್ಪತ್ರೆಗೆ ಸೇರಿಸಿದವನ ಹೆಸರು ಬರೆದುಕೊಂಡು ಪೊಲೀಸರು ಸ್ಟೇಷನ್‌ಗೆ ಅಲೆಸುತ್ತಾರೆ. ಹಿಂದೊಮ್ಮೆ ನನ್ನ ಭಾವನಿಗೆ ಒಂದು ಆಸ್ಪತ್ರೆಯಲ್ಲಿ "ನೀನೇ ಗುದ್ದಿದ್ದಾ?" ಅಂತ ಕೇಳಿದ್ದರು. ಆಮೇಲೆ ಅವನು ಯಾರಿಗೂ ಗಾಡಿ ನಿಲ್ಲಿಸಲ್ಲ.

ಕೋರ್ಟ್_ಕಟ್ಟೆ

ನಿಮ್ಮ ಭಾವನಿಗೆ ಹೇಳಿ, ಈಗ ಕಾನೂನು ಅವರ ಪರ ಇದೆ. 1989ರ ಪರಮಾನಂದ ಕಟಾರಾ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಮೊದಲು ಚಿಕಿತ್ಸೆ, ಆಮೇಲೆ ಪೊಲೀಸ್ ಕಾಗದ ಅಂದಿತ್ತು. ನೆರವಿಗೆ ಬಂದವರ ರಕ್ಷಣೆಯ ಮಾರ್ಗಸೂಚಿಗಳನ್ನು 2016ರ ಮಾರ್ಚ್‌ನಲ್ಲಿ ಕಡ್ಡಾಯ ಮಾಡಿತು. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 134ಎ ಕಲಂ ಸೇರಿತು. ಗಾಯಾಳುವಿಗೆ ಒಳ್ಳೇ ಮನಸ್ಸಿನಿಂದ ನೆರವಾದವರ ಮೇಲೆ ಸಿವಿಲ್ ಕೇಸೂ ಇಲ್ಲ, ಕ್ರಿಮಿನಲ್ ಕೇಸೂ ಇಲ್ಲ. ಹೆಸರು, ವಿಳಾಸ ಕೊಡಲೇಬೇಕು ಅಂತಿಲ್ಲ. ಕರ್ನಾಟಕಕ್ಕೆ ಇದಕ್ಕೇ ಪ್ರತ್ಯೇಕ ಕಾಯ್ದೆಯೂ ಇದೆ.

ದುಡ್ಡಿನ ಚಿಂತೆಗೂ ಒಂದು ದಾರಿ ಇದೆ. 2025ರ ಮೇನಲ್ಲಿ ಕೇಂದ್ರ ಅಧಿಸೂಚನೆ ಹೊರಡಿಸಿದ ನಗದುರಹಿತ ಯೋಜನೆಯಲ್ಲಿ, ರಸ್ತೆ ಅಪಘಾತದ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ 7 ದಿನದವರೆಗೆ ಒಂದೂವರೆ ಲಕ್ಷ ರೂಪಾಯಿ ತನಕದ ಚಿಕಿತ್ಸೆ ಸಿಗುತ್ತೆ. ಕೌಂಟರ್‌ನಲ್ಲಿ ಕೇಳಿ. ಕೇಳದಿದ್ದರೆ ಅವರಾಗಿ ಹೇಳುವುದು ಕಡಿಮೆ.

ತುಮಕೂರು_ಪ್ಯಾಸೆಂಜರ್

ಥ್ಯಾಂಕ್ಸ್ ಸರ್. ಸ್ಕ್ರೀನ್‌ಶಾಟ್ ತೆಗೆದು ಭಾವನಿಗೆ ಕಳಿಸಿದೆ. ಓದುತ್ತಾನೋ ಇಲ್ಲವೋ.

ಹಳ್ಳಿ_ಮೇಷ್ಟ್ರು

ನನ್ನದೊಂದು ಸಂದೇಹ. ಆಸ್ಪತ್ರೆಗೆ ಹೋದ ತಕ್ಷಣ "ಎರಡು ಬಾಟಲಿ ಗ್ಲೂಕೋಸ್ ಹಾಕಿ ಡಾಕ್ಟ್ರೇ" ಅಂತ ನಾವು ಕೇಳುವುದು ಮಾಮೂಲು. ರಕ್ತ ಹೋದವರಿಗೆ ಗ್ಲೂಕೋಸ್ ಹಾಕಿದರೆ ಒಳ್ಳೆಯದಲ್ಲವೇ?

ತುರ್ತು_ಡಾಕ್ಟರ್

ಮೇಷ್ಟ್ರೇ, ಇದೇ ವಿಷಯಕ್ಕೆ ನಮ್ಮೊಳಗೂ ವರ್ಷಗಟ್ಟಲೆ ಜಗಳ ನಡೆದಿದೆ. ಗ್ಲೂಕೋಸ್ ನೀರು ರಕ್ತನಾಳದಲ್ಲಿ ನಿಲ್ಲುವುದೇ ಇಲ್ಲ, ಶಾಕ್‌ಗೆ ಅದರಿಂದ ಪ್ರಯೋಜನವಿಲ್ಲ. ಸಲೈನ್ (ಉಪ್ಪು ನೀರಿನ ಡ್ರಿಪ್), ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಸ್ವಲ್ಪ ವಾಸಿ. ಆದರೂ ಒಂದು ಲೀಟರ್ ಹಾಕಿದರೆ ಕೊನೆಗೆ ನಾಳದಲ್ಲಿ ಉಳಿಯುವುದು ಹೆಚ್ಚುಕಡಿಮೆ ಕಾಲು ಭಾಗ. ಉಳಿದದ್ದು ಮೈಗೆ ಇಳಿದು ಊತ.

ರಕ್ತ ಸೋರುತ್ತಿರುವವನಿಗೆ ಲೀಟರ್‌ಗಟ್ಟಲೆ ಸಲೈನ್ ಹಾಕಿದರೆ ಮೂರು ಕಷ್ಟ ಒಟ್ಟಿಗೆ ಬರುತ್ತವೆ. ಬಿಪಿ ದಿಢೀರ್ ಏರಿ ಕಟ್ಟಿದ ಹೆಪ್ಪು ಕಿತ್ತು ಹೋಗುತ್ತೆ. ಇರುವ ರಕ್ತ ತೆಳುವಾಗಿ ಹೆಪ್ಪುಗಟ್ಟುವ ಶಕ್ತಿ ಇಳಿಯುತ್ತೆ. ರೂಮಿನ ತಣ್ಣನೆ ಬಾಟಲಿಯಿಂದ ಮೈ ಇನ್ನೂ ತಣ್ಣಗಾಗುತ್ತೆ. ಮೈ ತಣ್ಣಗಾಗುವುದು, ರಕ್ತದಲ್ಲಿ ಆಮ್ಲ ಏರುವುದು, ಹೆಪ್ಪುಗಟ್ಟದಿರುವುದು, ಈ ಮೂರೂ ಸೇರಿದರೆ ಒಂದು ಇನ್ನೊಂದನ್ನು ಎಳೆದುಕೊಂಡು ಹೋಗುತ್ತೆ. ಆಮೇಲೆ ಎಂಥ ಸರ್ಜನ್ ಇದ್ದರೂ ಕಷ್ಟ. ಅದಕ್ಕೇ ಈಗ ರಕ್ತ ನಿಲ್ಲುವವರೆಗೆ ಮೇಲಿನ ಬಿಪಿ 80–90 ಇದ್ದರೆ ಸಾಕು ಅನ್ನುತ್ತೇವೆ. ಸ್ವಲ್ಪ ಸ್ವಲ್ಪವೇ ಫ್ಲೂಯಿಡ್ ಕೊಟ್ಟು, ಆದಷ್ಟು ಬೇಗ ರಕ್ತವನ್ನೇ ಕೊಡುತ್ತೇವೆ.

ತಲೆಗೆ ಪೆಟ್ಟಾಗಿದ್ದರೆ ಈ ಮಾತು ನಡೆಯಲ್ಲ. ಅಲ್ಲಿ ಬಿಪಿ ಒಮ್ಮೆ ಕುಸಿದರೂ ಮೆದುಳಿಗೆ ಎರಡನೇ ಪೆಟ್ಟು. ಮೇಲಿನ ಬಿಪಿ 100–110ರ ಮೇಲೆಯೇ ಇರಬೇಕು. ನಮ್ಮಲ್ಲಿ ಹೆಲ್ಮೆಟ್ ಇಲ್ಲದೆ ಬಿದ್ದವರೇ ಜಾಸ್ತಿ, ಆದ್ದರಿಂದ ಈ ಅಪವಾದ ನಮಗೆ ದಿನಾ ಎದುರಾಗುತ್ತೆ.

ಕ್ಯಾಶುವಾಲ್ಟಿ_ಸಿಸ್ಟರ್

ನರ್ಸ್ ಕಡೆಯ ಮಾತೊಂದು ಸೇರಿಸುತ್ತೇನೆ. ನೀಲಿ ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಕೊಳವೆ, ನೀಲಿಯದು ಸಣ್ಣದು) ಹಾಕಿ "ಲೈನ್ ಆಯ್ತು" ಅನ್ನಬೇಡಿ ಹುಡುಗೀರಾ. ಅದರಲ್ಲಿ ರಕ್ತ ಯಾವಾಗ ಹೋಗುತ್ತೆ? ಅದಕ್ಕಿಂತ ದಪ್ಪದ ಹಸಿರು ಅಥವಾ ಬೂದು ಬಣ್ಣದ್ದು, ಎರಡು ಕೈಗೂ ಒಂದೊಂದು. ಶಾಕ್ ಜಾಸ್ತಿಯಾದ ಮೇಲೆ ನರ ಕೈಗೇ ಸಿಗಲ್ಲ. ಬಂದ ತಕ್ಷಣ ಹಾಕಿ, ಹಾಕುವಾಗಲೇ ಗ್ರೂಪಿಂಗ್, ಕ್ರಾಸ್ ಮ್ಯಾಚ್‌ಗೆ ರಕ್ತ ಎಳೆದುಬಿಡಿ. ಪರೀಕ್ಷೆಗೆ ಬಟ್ಟೆ ಕತ್ತರಿಸಿದ ಮೇಲೆ ಕಂಬಳಿ ಹೊದಿಸಿ, ಫ್ಯಾನ್ ಆಫ್ ಮಾಡಿ. ನಾನು ನೋಡಿದ ಮಟ್ಟಿಗೆ ಕ್ಯಾಶುವಾಲ್ಟಿಯಲ್ಲಿ ಎಲ್ಲರೂ ಮರೆಯುವ ಕೆಲಸ ಇದೇ. ಬೆವರುತ್ತಿದ್ದಾನೆ ಅಂತ ಸಂಬಂಧಿಕರು ಬೀಸಣಿಗೆ ಬೇರೆ ಬೀಸುತ್ತಿರುತ್ತಾರೆ.

ಲಂಡನ್_ಕನ್ನಡಿಗ

ನಮಸ್ಕಾರ. ನಾನು ಇಲ್ಲಿ ಆಂಬುಲೆನ್ಸ್ ಸೇವೆಯಲ್ಲಿದ್ದೇನೆ. ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಔಷಧಿ ಟ್ರಾನೆಕ್ಸಾಮಿಕ್ ಆಸಿಡ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? 2010ರಲ್ಲಿ ಬಂದ ಕ್ರ್ಯಾಶ್-2 ಅಧ್ಯಯನದಲ್ಲಿ 40 ದೇಶಗಳ 20 ಸಾವಿರಕ್ಕೂ ಹೆಚ್ಚು ಗಾಯಾಳುಗಳಿದ್ದರು. ನಡೆಸಿದ್ದು ಲಂಡನ್‌ನಿಂದ, ಭಾರತದ ಆಸ್ಪತ್ರೆಗಳೂ ಅದರಲ್ಲಿದ್ದವು. ಗಾಯವಾದ 3 ಗಂಟೆಯೊಳಗೆ ಕೊಟ್ಟರೆ ರಕ್ತಸ್ರಾವದ ಸಾವು ಇಳಿಯುತ್ತೆ. ಮೊದಲ ಗಂಟೆಯಲ್ಲಿ ಕೊಟ್ಟರೆ ಇನ್ನೂ ಒಳ್ಳೆಯದು. 3 ಗಂಟೆ ದಾಟಿ ಕೊಟ್ಟರೆ ಉಲ್ಟಾ, ಅಪಾಯ ಹೆಚ್ಚುತ್ತೆ. ಇಲ್ಲಿ ಪ್ಯಾರಾಮೆಡಿಕ್‌ಗಳು ರಸ್ತೆಯಲ್ಲೇ ಕೊಡುತ್ತಾರೆ.

ಔಷಧಿ ಹೊಸದೇನಲ್ಲ. 1960ರ ದಶಕದಲ್ಲಿ ಜಪಾನಿನ ಒಕಾಮೊಟೊ ದಂಪತಿ ಕಂಡುಹಿಡಿದದ್ದು. ಮುಟ್ಟಿನ ರಕ್ತಸ್ರಾವ ಜಾಸ್ತಿಯಾದರೆ ಊರಲ್ಲಿ ಲೇಡಿ ಡಾಕ್ಟರ್ ಬರೆದುಕೊಡುವ ಮಾತ್ರೆ ಇದೇ.

ತುರ್ತು_ಡಾಕ್ಟರ್

ಹೌದು, ಬಿಟ್ಟುಹೋಗಿತ್ತು. 1 ಗ್ರಾಂ 10 ನಿಮಿಷದಲ್ಲಿ, ಆಮೇಲೆ ಇನ್ನೊಂದು ಗ್ರಾಂ 8 ಗಂಟೆಯಲ್ಲಿ. ತಾಲ್ಲೂಕು ಆಸ್ಪತ್ರೆಯಲ್ಲಿ ಸರ್ಜನ್ ಇಲ್ಲದಿರಬಹುದು, ರಕ್ತ ಇಲ್ಲದಿರಬಹುದು. ಇದು ಇರುತ್ತೆ, ಬೆಲೆಯೂ ಕಡಿಮೆ. ಮೇಲಿನ ಆಸ್ಪತ್ರೆಗೆ ಕಳಿಸುವ ಮೊದಲು ಮೊದಲ ಡೋಸ್ ಕೊಟ್ಟು, ಟೈಮನ್ನು ಚೀಟಿಯಲ್ಲಿ ಬರೆಯಿರಿ. "ರೆಫರ್ಡ್ ಟು ಹೈಯರ್ ಸೆಂಟರ್" ಅಂತ ಒಂದೇ ಸಾಲು ಬರೆದು ಕಳಿಸುವ ಚೀಟಿ ನೋಡಿದರೆ ನನಗೆ ಸಿಟ್ಟು ಬರುತ್ತೆ. ಏನು ಕೊಟ್ಟಿದ್ದೀರಿ, ನಾಡಿ ಎಷ್ಟಿತ್ತು, ಈಗೆಷ್ಟಿದೆ? ಅಷ್ಟು ಬರೆಯಲು ಒಂದು ನಿಮಿಷ ಸಾಕು.

ಮಾಜಿ_ಸ್ಕೌಟ್

ಸರಿ, ಟೂರ್ನಿಕೆ (ರಕ್ತ ನಿಲ್ಲಿಸಲು ಬಟ್ಟೆ ಬಿಗಿದು ಕಟ್ಟುವ) ವಿಷಯ ಒಪ್ಪಿದೆ. ಕಾಲು ಮೇಲೆತ್ತಿ ಮಲಗಿಸುವುದಾದರೂ ಸರಿಯೋ, ಅದೂ ಹೋಯಿತೋ?

ಲಂಡನ್_ಕನ್ನಡಿಗ

ಅರ್ಧ ಹೋಯಿತು ಸರ್. ಮೊದಲ ಮಹಾಯುದ್ಧದಲ್ಲಿ ವಾಲ್ಟರ್ ಕ್ಯಾನನ್ ಅನ್ನುವ ಅಮೆರಿಕದ ಶರೀರಶಾಸ್ತ್ರಜ್ಞ ತಲೆ ತಗ್ಗಿಸಿ ಕಾಲು ಎತ್ತುವುದನ್ನು ಶಾಕ್‌ಗೆ ಹೇಳಿದರು. ಆಮೇಲೆ ಅವರೇ ಆ ಮಾತು ಹಿಂತೆಗೆದುಕೊಂಡರು. ಜನ ಮಾತ್ರ ಬಿಡಲಿಲ್ಲ. ಕಾಲು ಎತ್ತಿದರೆ ಬಿಪಿ ಕೆಲವು ನಿಮಿಷ ಏರುತ್ತೆ, ಮತ್ತೆ ಇಳಿಯುತ್ತೆ. ಅಪಘಾತದಲ್ಲಿ ಸೊಂಟ, ಕಾಲು, ಬೆನ್ನುಮೂಳೆ ಏನಾಗಿದೆಯೋ ಗೊತ್ತಿಲ್ಲದಾಗ ಎತ್ತಬೇಡಿ. ಸಮತಟ್ಟಾಗಿ ಅಂಗಾತ ಮಲಗಿಸಿ. ಪೆಟ್ಟಿಲ್ಲದೆ ವಾಂತಿ-ಭೇದಿಯಿಂದಲೋ ತಲೆಸುತ್ತಿನಿಂದಲೋ ಬಿದ್ದವರಿಗೆ ಎತ್ತಿದರೆ ತೊಂದರೆಯಿಲ್ಲ.

ಜಿಎನ್‌ಎಂ_ಎರಡನೇ_ವರ್ಷ

ಹಾಗಾದರೆ ರಕ್ತ ಹೋಗದೆಯೂ ಶಾಕ್ ಆಗುತ್ತಾ? ನಾಲ್ಕು ವಿಧ ಅಂತ ಬಾಯಿಪಾಠ ಮಾಡಿದ್ದೇನೆ, ತಲೆಗೆ ಹತ್ತಿಲ್ಲ.

ತುರ್ತು_ಡಾಕ್ಟರ್

ಮನೆಯ ನೀರಿನ ವ್ಯವಸ್ಥೆ ನೆನಪಿಸಿಕೊಳ್ಳಿ. ನಲ್ಲಿಯಲ್ಲಿ ನೀರು ಬರುತ್ತಿಲ್ಲ. ಸಂಪು ಖಾಲಿ ಇರಬಹುದು: ರಕ್ತಸ್ರಾವ, ಭೇದಿ, ಸುಟ್ಟಗಾಯ. ಮೋಟರ್ ಕೆಟ್ಟಿರಬಹುದು: ಹಾರ್ಟ್ ಅಟ್ಯಾಕ್. ಪೈಪುಗಳು ಸಡಿಲವಾಗಿ ಹಿಗ್ಗಿ ಒತ್ತಡವೇ ಇಲ್ಲದಿರಬಹುದು: ಸೋಂಕು, ಅಲರ್ಜಿ, ಬೆನ್ನುಹುರಿಯ ಪೆಟ್ಟು. ಅಥವಾ ಎಲ್ಲೋ ಬ್ಲಾಕ್ ಆಗಿರಬಹುದು: ಎದೆಗೂಡಿನಲ್ಲಿ ಗಾಳಿ ತುಂಬಿ ಶ್ವಾಸಕೋಶ, ಹೃದಯವನ್ನು ಒತ್ತುವುದು, ಹೃದಯದ ಸುತ್ತ ರಕ್ತ ತುಂಬುವುದು.

ಮೋಟರ್ ಕೆಟ್ಟವನಿಗೆ ಬಾಟಲಿ ಮೇಲೆ ಬಾಟಲಿ ಹಾಕಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತೆ. ಕುತ್ತಿಗೆಯ ನರ ಉಬ್ಬಿದೆಯಾ, ಮಲಗಿದರೆ ಉಸಿರು ಕಟ್ಟುತ್ತಾ ನೋಡಿ. ಅಂಥವರನ್ನು ಮಲಗಿಸಬೇಡಿ, ಒರಗಿಸಿ ಕೂರಿಸಿ. ಎದೆಯಲ್ಲಿ ಗಾಳಿ ತುಂಬಿದವನಿಗೆ ಸೂಜಿ ಚುಚ್ಚಿ ಗಾಳಿ ಬಿಡದೆ ಬೇರೆ ಏನು ಮಾಡಿದರೂ ವ್ಯರ್ಥ. ಅದಕ್ಕೆ ಎಕ್ಸ್‌ರೇ ಕಾಯುವುದೂ ತಪ್ಪು. ಬೆನ್ನುಹುರಿ ಪೆಟ್ಟಾದವನಿಗೆ ಬಿಪಿ ಕಡಿಮೆ ಇದ್ದರೂ ಮೈ ಬೆಚ್ಚಗೆ, ನಾಡಿ ನಿಧಾನ. ಸೋಂಕಿನ ಶಾಕ್‌ನಲ್ಲೂ ಮೊದಮೊದಲು ಮೈ ಬಿಸಿ ಇರಬಹುದು. ತಣ್ಣಗಿಲ್ಲ ಅಂತ ಶಾಕ್ ಇಲ್ಲ ಅನ್ನಬೇಡಿ. ಗೊಂದಲಗೊಂಡಿದ್ದಾರಾ, ಉಸಿರು ಜೋರಾಗಿದೆಯಾ, ಮೂತ್ರ ಎಷ್ಟು ಹೋಗಿದೆ, ಅದನ್ನು ಕೇಳಿ.

ಪುಟ್ಟಿ_ಅಮ್ಮ

ಎಲ್ಲರಿಗೂ ನಮಸ್ತೆ. ಇಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ. ನನ್ನ ಮಗಳಿಗೆ 7 ವರ್ಷ. ಡೆಂಗಿ ಪಾಸಿಟಿವ್. ನಾಲ್ಕು ದಿನ ಜ್ವರ ಇತ್ತು. ನಿನ್ನೆ ರಾತ್ರಿ ಜ್ವರ ಬಿಟ್ಟಿತು, ದೇವರು ದೊಡ್ಡವನು ಅಂದುಕೊಂಡೆವು. ಪ್ಲೇಟ್‌ಲೆಟ್ 90 ಸಾವಿರ. ಪಪ್ಪಾಯಿ ಎಲೆ ರಸ ಕೊಡುತ್ತಿದ್ದೇವೆ. ಈಗ ಬೆಳಿಗ್ಗೆಯಿಂದ ಹೊಟ್ಟೆನೋವು ಅಂತಿದ್ದಾಳೆ, ಎರಡು ಸಲ ವಾಂತಿ. ಕೈಕಾಲು ತಣ್ಣಗಿದೆ. ನಿದ್ದೆ ಜಾಸ್ತಿ ಮಾಡುತ್ತಿದ್ದಾಳೆ. ಜ್ವರ ಬಿಟ್ಟಿದೆಯಲ್ಲ, ಸುಸ್ತಿಗೆ ಹೀಗಾಗುತ್ತಾ?

ಕ್ಯಾಶುವಾಲ್ಟಿ_ಸಿಸ್ಟರ್

ಪುಟ್ಟಿ ಅಮ್ಮ, ಇದನ್ನು ಓದಿದ ತಕ್ಷಣ ಮಗುವನ್ನು ಎತ್ತಿಕೊಂಡು ಹೊರಡಿ. ಮಕ್ಕಳ ಡಾಕ್ಟರ್, ಐಸಿಯು ಇರುವ ಹತ್ತಿರದ ಆಸ್ಪತ್ರೆ. ಗಾಡಿ ಇಲ್ಲದಿದ್ದರೆ 108. ಹೋಗುವಾಗ ಅವಳು ಕೊನೆಗೆ ಮೂತ್ರ ಮಾಡಿದ್ದು ಯಾವಾಗ ಅಂತ ನೆನಪು ಮಾಡಿಕೊಂಡಿರಿ, ಡಾಕ್ಟರ್ ಕೇಳುತ್ತಾರೆ.

ತುರ್ತು_ಡಾಕ್ಟರ್

ಸಿಸ್ಟರ್ ಹೇಳಿದ್ದೇ ನನ್ನ ಮಾತೂ. ಈಗಲೇ ಹೊರಡಿ ಅಮ್ಮ, ಉತ್ತರ ಬರೆಯಬೇಡಿ.

ಉಳಿದವರಿಗೆ: ಡೆಂಗಿಯಲ್ಲಿ ಅಪಾಯದ ಹೊತ್ತು ಜ್ವರ ಬಿಡುವಾಗ ಶುರು. ಅಲ್ಲಿಂದ 24–48 ಗಂಟೆ. ರಕ್ತನಾಳದ ಗೋಡೆಯಿಂದ ರಕ್ತದ ನೀರಿನಂಶ ಸೋರಿ ಹೊಟ್ಟೆಗೆ, ಎದೆಗೆ ಇಳಿಯುತ್ತೆ. ರಕ್ತ ಹೊರಗೆ ಬರಲ್ಲ, ಜ್ವರವೂ ಇಲ್ಲ, ಆದ್ದರಿಂದ ಮನೆಯವರು ವಾಸಿಯಾಯಿತು ಅಂದುಕೊಳ್ಳುತ್ತಾರೆ. ಎಲ್ಲರೂ ಪ್ಲೇಟ್‌ಲೆಟ್ ಹಿಂದೆ ಬಿದ್ದಿರುತ್ತಾರೆ. ನಾವು ನೋಡುವುದು ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು) ಏರುತ್ತಿದೆಯಾ, ಎರಡು ಬಿಪಿ ಸಂಖ್ಯೆಗಳ ಅಂತರ 20 ಅಥವಾ ಅದಕ್ಕಿಂತ ಕಡಿಮೆ ಆಯಿತಾ ಅಂತ. 100/80 ಇರುವ ಡೆಂಗಿ ಮಗು ಶಾಕ್‌ನಲ್ಲಿದೆ. ಮಕ್ಕಳ ದೇಹ ಬಿಪಿಯನ್ನು ಕೊನೆಯವರೆಗೆ ಹಿಡಿದಿಟ್ಟುಕೊಂಡು ಒಮ್ಮೆಲೇ ಕೈ ಬಿಡುತ್ತೆ.

ನಿರ್ವಾಹಕ

ಇಂಥ ತುರ್ತು ಲಕ್ಷಣ ಇದ್ದರೆ ಯಾರೂ ಇಲ್ಲಿ ಉತ್ತರಕ್ಕೆ ಕಾಯಬೇಡಿ. ಮೊದಲು 108. ಪಪ್ಪಾಯಿ ಎಲೆ ವಾದಕ್ಕೆ ಬೇರೆ ಎಳೆ ಇದೆ, ಅಲ್ಲಿ ಜಗಳ ಆಡಿ. ಇಲ್ಲಿ ಬಂದ ಆ ಕಾಮೆಂಟುಗಳನ್ನು ಅಲ್ಲಿಗೆ ಸಾಗಿಸಿದ್ದೇನೆ.

ಕೊಡಗಿನ_ತೋಟ

ತೋಟದಲ್ಲಿ ಕೆಲಸದವರಿಗೆ ಹೆಜ್ಜೇನು, ಕಣಜ ಹೊಡೆಯುವುದು ಮಾಮೂಲು. ಕೆಲವರಿಗೆ ಊತ ಬಂದು ಹೋಗುತ್ತೆ. ಒಬ್ಬರಿಗೆ ಮಾತ್ರ ಹತ್ತು ನಿಮಿಷದಲ್ಲಿ ಮೈಯೆಲ್ಲ ದದ್ದು, ಗಂಟಲು ಕಟ್ಟಿ, ಕಣ್ಣು ಕತ್ತಲೆ ಬಂದು ಬಿದ್ದರು. ಕ್ಲಿನಿಕ್‌ನಲ್ಲಿ ಏವಿಲ್ (ಅಲರ್ಜಿ ಔಷಧಿ), ಎಫ್ಕಾರ್ಲಿನ್ (ಸ್ಟೀರಾಯ್ಡ್) ಕೊಟ್ಟು ಕೂರಿಸಿದ್ದರು. ತಡವಾಗಿ ಇನ್ನೊಂದು ಇಂಜೆಕ್ಷನ್ ಕೊಟ್ಟ ಮೇಲೆ ಸರಿಹೋಯಿತು. ಅದು ಯಾವುದು?

ತುರ್ತು_ಡಾಕ್ಟರ್

ಅಡ್ರಿನಲಿನ್ ಇರಬೇಕು. ಮೊದಲೇ ಕೊಡಬೇಕಾದದ್ದೂ ಅದೇ. ದೊಡ್ಡವರಿಗೆ ಅರ್ಧ ಮಿಲಿಗ್ರಾಂ, ತೊಡೆಯ ಹೊರಭಾಗದ ಮಾಂಸಕ್ಕೆ. ಸುಧಾರಿಸದಿದ್ದರೆ 5 ನಿಮಿಷಕ್ಕೆ ಮತ್ತೊಮ್ಮೆ. ಏವಿಲ್ ತುರಿಕೆ ತಗ್ಗಿಸುತ್ತೆ, ಜೀವ ಉಳಿಸುವುದು ಅಡ್ರಿನಲಿನ್. ನಮ್ಮ ಕಡೆ ಆ ಹೆಸರು ಕೇಳಿದರೆ ಕೆಲವು ಡಾಕ್ಟರುಗಳೇ ಹೆದರುತ್ತಾರೆ, "ಹಾರ್ಟಿಗೆ ಏನಾದರೂ ಆದರೆ?" ಅಂತ. ಸ್ನಾಯುವಿಗೆ, ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಭಯಪಡುವಂಥದ್ದು ಬಹಳ ಕಡಿಮೆ. ಇನ್ನೊಂದು, ಕಣ್ಣು ಕತ್ತಲೆ ಬಂದವರನ್ನು ಕೂರಿಸುವುದು, ನಡೆಸುವುದು ಬೇಡ. ಎದ್ದು ನಿಂತ ತಕ್ಷಣ ಹೃದಯಕ್ಕೆ ವಾಪಸ್ ಬರುವ ರಕ್ತ ನಿಂತು ಪ್ರಾಣ ಹೋದದ್ದಿದೆ. ಜೀಪಿನ ಹಿಂದೆ ಮಲಗಿಸಿಯೇ ತನ್ನಿ.

ಪುಟ್ಟಿ_ಅಮ್ಮ

ಅಡ್ಮಿಟ್ ಮಾಡಿಕೊಂಡರು. ಬಿಪಿ 90/75 ಇತ್ತಂತೆ. ಶಾಕ್ ಶುರುವಾಗಿತ್ತು ಅಂದರು. ಡ್ರಿಪ್ ಹಾಕಿ ಗಂಟೆಗಂಟೆಗೂ ನೋಡುತ್ತಿದ್ದಾರೆ, ಪಿಸಿವಿ ಮತ್ತೆ ಮತ್ತೆ ತೆಗೆಯುತ್ತಿದ್ದಾರೆ. ಈಗ ಎರಡು ಸಲ ಮೂತ್ರ ಮಾಡಿದಳು. ಅಜ್ಜಿ ಜೊತೆ ಮಾತಾಡಿದಳು. ಪ್ಲೇಟ್‌ಲೆಟ್ ಹಾಕಿ ಅಂತ ಮನೆಯವರು ಕೇಳಿದ್ದಕ್ಕೆ ಬೇಡ ಅಂದರು. ಎಲ್ಲರಿಗೂ ಏನು ಹೇಳಲಿ ಗೊತ್ತಾಗುತ್ತಿಲ್ಲ.

ಕ್ಯಾಶುವಾಲ್ಟಿ_ಸಿಸ್ಟರ್

ಮೂತ್ರ ಆಯ್ತಲ್ಲ, ಅದು ಒಳ್ಳೇ ಸುದ್ದಿ. ಮುಂದಿನ ದಿನಗಳಲ್ಲಿ ಡ್ರಿಪ್ ಕಡಿಮೆ ಮಾಡಿ ನಿಲ್ಲಿಸುತ್ತಾರೆ. ಆಗ "ಇನ್ನೂ ಹಾಕಿ" ಅಂತ ಕೇಳಬೇಡಿ ಅಮ್ಮ. ಸೋರಿದ ನೀರು ವಾಪಸ್ ರಕ್ತಕ್ಕೆ ಬರುವ ಹೊತ್ತಿನಲ್ಲಿ ಜಾಸ್ತಿ ಹಾಕಿದರೆ ಉಸಿರಾಟಕ್ಕೆ ತೊಂದರೆ.

ಹಳ್ಳಿ_ಮೇಷ್ಟ್ರು

ಕೇಳಿ ಸಮಾಧಾನ ಆಯಿತು. ನನ್ನ ತಾಯಿಗೆ 74, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಬಚ್ಚಲಲ್ಲಿ ಬಿದ್ದರೆ ಇದೇ ಲಕ್ಷಣ ನೋಡಬೇಕಾ?

ತುರ್ತು_ಡಾಕ್ಟರ್

ಯಾವ ಮಾತ್ರೆ ನೋಡಿ ಮೇಷ್ಟ್ರೇ. ಅಟೆನೊಲಾಲ್, ಮೆಟೊಪ್ರೊಲಾಲ್ ಥರ ನಾಡಿ ಏರದಂತೆ ತಡೆಯುವುದಾದರೆ ರಕ್ತ ಹೋದರೂ ನಾಡಿ 80 ದಾಟದೆ ಇರಬಹುದು. ಅವರ ಮಾಮೂಲಿ ಬಿಪಿ 160 ಇದ್ದರೆ 110 ಅನ್ನುವುದೇ ಕಡಿಮೆ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಸಣ್ಣ ಪೆಟ್ಟೂ ದೊಡ್ಡದು. ಮಾತ್ರೆ ಚೀಟಿಯ ಫೋಟೋ ನಿಮ್ಮ ಮೊಬೈಲ್‌ನಲ್ಲಿ ಇರಲಿ.

ಆಶಾ_ಅಕ್ಕ

ನಮ್ಮ ಬಸುರಿಯರ ವಿಷಯ ಯಾರೂ ಎತ್ತಲಿಲ್ಲ. ಸ್ಕೂಟರಿಂದ ಬಿದ್ದು ಬರುತ್ತಾರೆ, "ಏನಾಗಿಲ್ಲ ಅಕ್ಕ" ಅಂತಾರೆ. ಅವರನ್ನೂ ಅಂಗಾತವೇ ಮಲಗಿಸುವುದಾ?

ಕ್ಯಾಶುವಾಲ್ಟಿ_ಸಿಸ್ಟರ್

ಇಲ್ಲ ಅಕ್ಕ. ಐದು ತಿಂಗಳು ದಾಟಿದ್ದರೆ ಎಡ ಮಗ್ಗುಲಿಗೆ. ಅಂಗಾತ ಮಲಗಿದರೆ ಗರ್ಭಕೋಶ ಹಿಂದಿನ ದೊಡ್ಡ ರಕ್ತನಾಳವನ್ನು ಒತ್ತುತ್ತೆ, ಅದರಿಂದಲೇ ಬಿಪಿ ಬೀಳುತ್ತೆ. ಬೆನ್ನುಮೂಳೆ ಪೆಟ್ಟಿನ ಅನುಮಾನ ಇದ್ದರೆ ಹಲಗೆಯ ಸಮೇತ ಎಡಕ್ಕೆ ಸ್ವಲ್ಪ ವಾಲಿಸಿ, ಬಲಗಡೆ ಹಲಗೆಯ ಕೆಳಗೆ ಮಡಚಿದ ಕಂಬಳಿ ಕೊಡಿ. ಬಸುರಿಯಲ್ಲಿ ರಕ್ತವೇ ಜಾಸ್ತಿ ಇರುವುದರಿಂದ ಒಂದು ಲೀಟರ್ ಮೇಲೆ ಹೋದರೂ ತಾಯಿ ಚೆನ್ನಾಗಿಯೇ ಕಾಣಬಹುದು, ಅಷ್ಟರಲ್ಲಿ ಮಗುವಿಗೆ ರಕ್ತ ಕಡಿಮೆಯಾಗಿರುತ್ತೆ. "ಏನಾಗಿಲ್ಲ" ಅಂದರೂ ಕರೆತನ್ನಿ. ಮಗುವಿನ ಎದೆಬಡಿತ ಕೇಳಿ, ಕೆಲವು ಗಂಟೆ ಇಟ್ಟುಕೊಂಡು ನೋಡಿಯೇ ಕಳಿಸುತ್ತೇವೆ. ತಾಯಿ ಕಾರ್ಡ್ ಮರೆಯದೆ ತನ್ನಿ, ಬ್ಲಡ್ ಗ್ರೂಪ್ ಅದರಲ್ಲೇ ಇರುತ್ತೆ. ನೆಗೆಟಿವ್ ಗ್ರೂಪ್ ಇದ್ದರೆ ಆ್ಯಂಟಿ-ಡಿ ಇಂಜೆಕ್ಷನ್ (ಮಗುವಿನ ರಕ್ತದ ವಿರುದ್ಧ ತಾಯಿಯ ದೇಹ ಪ್ರತಿಕಾಯ ಮಾಡದಂತೆ ತಡೆಯುವುದು) 72 ಗಂಟೆಯೊಳಗೆ ಆಗಬೇಕು.

ಆಶಾ_ಅಕ್ಕ

ಸರಿ ಸಿಸ್ಟರ್. ಮಂಗಳವಾರ ಅಂಗನವಾಡಿಯಲ್ಲಿ ತಾಯಂದಿರ ಸಭೆ ಇದೆ, ಅಲ್ಲಿ ಇದನ್ನು ಓದಿ ಹೇಳುತ್ತೇನೆ. ಆ್ಯಂಟಿ-ಡಿ ನಿಮ್ಮಲ್ಲೇ ಸಿಗುತ್ತಾ, ಜಿಲ್ಲಾ ಆಸ್ಪತ್ರೆಗೆ ಹೋಗಬೇಕಾ?

ಕ್ಯಾಶುವಾಲ್ಟಿ_ಸಿಸ್ಟರ್

ನಮ್ಮಲ್ಲಿ ಒಮ್ಮೊಮ್ಮೆ ಇರುತ್ತೆ, ಒಮ್ಮೊಮ್ಮೆ ಇರಲ್ಲ. ಕರೆತರುವ ಮೊದಲು ಕ್ಯಾಶುವಾಲ್ಟಿಗೆ ಒಂದು ಫೋನ್ ಮಾಡಿ ಕೇಳಿ. ಇಲ್ಲದಿದ್ದರೆ ತರಿಸಿಡುತ್ತೇವೆ.